ಸಿಕಂದರ್, ಸಾಶಾ, ಅಲಸ್ಟೇರ್: ಒಂದೇ ಹೆಸರು ಇಷ್ಟೊಂದು ಹೆಸರಾದದ್ದು ಹೇಗೆ?

ಕ್ರಿಕೆಟ್ ನೋಡುವವರಿಗೆ ಈ ಮೂವರು ಚೆನ್ನಾಗಿ ಗೊತ್ತು. ಜಿಂಬಾಬ್ವೆಯ ಸಿಕಂದರ್ ರಜಾ, ಇಂಗ್ಲೆಂಡಿನ ಅಲಸ್ಟೇರ್ ಕುಕ್, ಆಸ್ಟ್ರೇಲಿಯಾದ ವಿಕೆಟ್ ಕೀಪರ್ ಅಲೆಕ್ಸ್ ಕ್ಯಾರಿ. ಮೂವರದ್ದೂ ಒಂದೇ ಹೆಸರು, ಅಲೆಕ್ಸಾಂಡರ್, ಅಂದರೆ ತಕ್ಷಣ ನಂಬುವುದು ಕಷ್ಟ, ಅಲ್ವಾ? ಟೆನಿಸ್ ಕಡೆ ಬಂದರೆ, ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಅವರನ್ನು ಹತ್ತಿರದವರೆಲ್ಲ ಸಾಶಾ ಎಂದು ಕರೆಯುತ್ತಾರೆ. ಅದೂ ಇದೇ ಹೆಸರೇ.

ಮಗುವಿಗೆ ಹೆಸರು ಹುಡುಕುವವರು ಈಗ ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲ್. ಅಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಸಾಲಿನ ಅರ್ಥ ಇರುತ್ತದೆ. ಸಿಕಂದರ್ ಅಂದರೆ ಗೆದ್ದವನು ಎಂದು ಒಂದು ಕಡೆ, ಅಲೆಕ್ಸಾಂಡರ್ ಅಂದರೆ ಜನರನ್ನು ಕಾಪಾಡುವವನು ಎಂದು ಇನ್ನೊಂದು ಕಡೆ. ಎರಡೂ ಒಂದೇ ಹೆಸರಾದರೆ ಅರ್ಥ ಎರಡು ಹೇಗಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಹೆಸರುಗಳು ದೇಶದಿಂದ ದೇಶಕ್ಕೆ ಹೇಗೆ ಸಾಗುತ್ತವೆ ಅನ್ನುವುದೇ ತಿಳಿದುಬಿಡುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಸರಿನ ಅರ್ಥ ಅಂದಾಗ ನಾವು ಎರಡು ಬೇರೆ ಸಂಗತಿಗಳನ್ನು ಒಟ್ಟಿಗೆ ಸೇರಿಸಿಬಿಡುತ್ತೇವೆ. ಒಂದು, ಆ ಹೆಸರು ಹುಟ್ಟಿದ ಭಾಷೆಯಲ್ಲಿ ಅದರ ಪದಗಳಿಗಿದ್ದ ಅರ್ಥ. ಇದನ್ನು ಬೇರಿನ ಅರ್ಥ ಎನ್ನೋಣ. ಇನ್ನೊಂದು, ಅದನ್ನು ಕೇಳಿದವರ ಮನಸ್ಸಿನಲ್ಲಿ ಮೂಡುವ ಅರ್ಥ. ಇದು ಬಳಕೆಯ ಅರ್ಥ. ಅಲೆಕ್ಸಾಂಡರ್ ವಿಷಯದಲ್ಲಿ ಇವೆರಡೂ ಬಹಳ ಹಿಂದೆಯೇ ಬೇರೆ ಬೇರೆ ದಾರಿ ಹಿಡಿದಿವೆ.

ಹೆಸರಿನೊಳಗೆ ಏನಿದೆ?

ಮೂಲ ಗ್ರೀಕ್ ರೂಪ ಅಲೆಕ್ಸಾಂಡ್ರೋಸ್. ಇದರಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಅಲೆಕ್ಸೋ ಎಂಬ ಕ್ರಿಯಾಪದ. ತಡೆ, ಹಿಮ್ಮೆಟ್ಟಿಸು, ಕಾಪಾಡು ಎಂದೆಲ್ಲ ಅದರ ಅರ್ಥ. ಎರಡನೆಯದು ಆನೇರ್, ಅಂದರೆ ಗಂಡಸು. ‘ಗಂಡಸಿನ’ ಎನ್ನುವಾಗ ಅದು ಆಂಡ್ರೋಸ್ ಆಗುತ್ತದೆ. ಎರಡನ್ನೂ ಜೋಡಿಸಿದರೆ ಜನರನ್ನು ಕಾಪಾಡುವವನು ಎಂದಾಗುತ್ತದೆ.

ಹೀಗೆ ಎರಡು ಮಾತು ಜೋಡಿಸಿ ಹೆಸರಿಡುವುದು ಗ್ರೀಕರ ರೂಢಿ. ಅಲೆಕ್ಸಾಂಡರನ ತಂದೆಯ ಹೆಸರು ಫಿಲಿಪ್ಪೋಸ್. ಅದಕ್ಕೆ ಕುದುರೆಗಳನ್ನು ಪ್ರೀತಿಸುವವನು ಎಂದು ಅರ್ಥ. ನಮ್ಮಲ್ಲಿ ಧನಂಜಯ, ವಿಶ್ವನಾಥ ಎಂದು ಇಟ್ಟ ಹಾಗೆಯೇ.

ಈಗ ನಮಗೆ ಹತ್ತಿರದ ಸಂಗತಿ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಹಳೆಯ ಭಾಷೆಯಿಂದ ಕವಲೊಡೆದವು. ಹಾಗಾಗಿ ಒಂದು ಕವಲಿನ ಪದಕ್ಕೆ ಇನ್ನೊಂದು ಕವಲಿನಲ್ಲಿ ನೆಂಟರು ಸಿಗುತ್ತಾರೆ. ಗ್ರೀಕಿನ ಆನೇರ್‌ಗೆ ಸಂಸ್ಕೃತದ ನೆಂಟ ನೃ. ನಾವು ದಿನಾ ಬಳಸುವ ನರ, ಹಳೆಗನ್ನಡದಲ್ಲಿ ಮತ್ತೆ ಮತ್ತೆ ಬರುವ ನೃಪ, ಎರಡೂ ಇದೇ ಬೇರಿನವು. ಅಲೆಕ್ಸೋಗೆ ನೆಂಟ ಯಾವುದು ಗೊತ್ತಾ? ರಕ್ಷ್. ಸಂಸ್ಕೃತದ ಕವಲಿನಲ್ಲಿ ಹಳೆಯ ಲಕಾರ ಬಹಳಷ್ಟು ಕಡೆ ರಕಾರವಾಯಿತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಸ್ ಮತ್ತು ರಕ್ಷ್ ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಹೋಲಿಕೆ ಕಿವಿಗೇ ತಿಳಿಯುತ್ತದೆ. ಅಂದರೆ ಅಲೆಕ್ಸಾಂಡರ್ ಅನ್ನುವ ಹೆಸರಿನ ಎರಡೂ ತುಂಡುಗಳು ನಮಗೆ ಹೊಸವೇನಲ್ಲ. ರಕ್ಷ ಮತ್ತು ನರ, ಇವೆರಡರ ದೂರದ ಅಣ್ಣತಮ್ಮಂದಿರು ಸೇರಿ ಆದ ಹೆಸರು ಅದು.

ಆನೇರ್ ಆಂಡ್ರೋಸ್ ಆಗುವಾಗ ನಡುವೆ ಒಂದು ಡಕಾರ ಎಲ್ಲಿಂದ ಬಂತು ಎಂದು ಕೇಳಬಹುದು. ನ್ ಮತ್ತು ರ್ ಒಂದರ ಹಿಂದೆ ಒಂದು ಬಂದಾಗ ನಾಲಿಗೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಆ ಸದ್ದು ತಾನಾಗಿಯೇ ನುಗ್ಗಿತು. ಆಂಡ್ರ್ಯೂ, ಆಂದ್ರೆ ಎಂಬ ಹೆಸರುಗಳೂ ಇದೇ ಪದದಿಂದ ಬಂದವು. ಫೋನಿನ ಆಂಡ್ರಾಯ್ಡ್ ಕೂಡ ಇದರಿಂದಲೇ ಬಂದದ್ದು. ಮನುಷ್ಯನ ರೂಪದ್ದು ಎಂದು ಅದರ ಅರ್ಥ.

ಅಲೆಕ್ಸಾಂಡರನಿಗಿಂತ ಸಾವಿರ ವರ್ಷ ಹಳೆಯದು

ಈ ಹೆಸರನ್ನು ಜಗತ್ತಿಗೆಲ್ಲ ಮುಟ್ಟಿಸಿದವನು ಮಾಸಿಡೋನಿಯಾದ ರಾಜ, ನಿಜ. ಆದರೆ ಹೆಸರು ಅವನದಲ್ಲ. ಆ ರಾಜಮನೆತನದಲ್ಲಿ ಅವನು ಮೂರನೆಯ ಅಲೆಕ್ಸಾಂಡರ್.

ಗ್ರೀಸಿನ ಮೈಸಿನಿ ಎಂಬಲ್ಲಿ ಅಗೆದಾಗ ಬರಹವಿದ್ದ ಮಣ್ಣಿನ ಹಲಗೆಗಳು ಸಿಕ್ಕವು. ಆ ಬರಹಕ್ಕೆ ಲೀನಿಯರ್ ಬಿ ಎಂದು ಹೆಸರು. ಅದನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ. ಕ್ರಿಸ್ತಪೂರ್ವ 13ನೇ ಶತಮಾನದ ಒಂದು ಹಲಗೆಯಲ್ಲಿ ಅ-ರೆ-ಕ-ಸ-ದ-ರ ಎಂದು ಬರೆದಿದೆ. ಆ ಲಿಪಿಯಲ್ಲಿ ಲ ಮತ್ತು ರ ಎರಡಕ್ಕೂ ಒಂದೇ ಗುರುತು. ಒತ್ತಕ್ಷರಗಳನ್ನು ಬಿಡಿಸಿ ಬರೆಯಬೇಕಿತ್ತು. ಹಾಗಾಗಿ ಇದನ್ನು ಅಲೆಕ್ಸಾಂಡ್ರಾ ಎಂದು ಓದುತ್ತಾರೆ. ಅಂದರೆ ಈ ಹೆಸರಿನ ತೀರಾ ಹಳೆಯ ಗುರುತುಗಳಲ್ಲಿ ಒಂದು ಹೆಣ್ಣಿನ ಹೆಸರು! ಗಂಡು ಹೆಸರಿನ ಕಥೆ ಹೇಳಲು ಹೊರಟವರು ಇದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, ಈಗಿನ ಟರ್ಕಿಯಲ್ಲಿ ಹಿಟೈಟರು ಆಳುತ್ತಿದ್ದರು. ಅವರ ರಾಜ ಎರಡನೇ ಮುವತಲ್ಲಿ ಸುಮಾರು ಕ್ರಿಸ್ತಪೂರ್ವ 1280ರಲ್ಲಿ ವಿಲುಸ ಎಂಬ ಊರಿನ ದೊರೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಆ ದೊರೆಯ ಹೆಸರು ಅಲಕ್ಸಂದು. ವಿಲುಸ ಅಂದರೆ ಟ್ರಾಯ್ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹೋಮರನ ಕಾವ್ಯದಲ್ಲಿ ಹೆಲೆನ್‌ಳನ್ನು ಕರೆದುಕೊಂಡು ಹೋದ ಟ್ರಾಯ್‌ನ ರಾಜಕುಮಾರ ಯಾರು? ಪ್ಯಾರಿಸ್. ಅವನಿಗೆ ಅಲ್ಲಿರುವ ಇನ್ನೊಂದು ಹೆಸರು ಅಲೆಕ್ಸಾಂಡ್ರೋಸ್. ಹೋಮರ್ ಅವನನ್ನು ಪ್ಯಾರಿಸ್ ಅನ್ನುವುದಕ್ಕಿಂತ ಜಾಸ್ತಿ ಸಲ ಅಲೆಕ್ಸಾಂಡ್ರೋಸ್ ಎಂದೇ ಕರೆಯುತ್ತಾನೆ. ಮಣ್ಣಿನ ಹಲಗೆಯ ದೊರೆಯೂ ಕಾವ್ಯದ ರಾಜಕುಮಾರನೂ ಒಬ್ಬರೇ ಎಂದು ಹೇಳಲು ಆಗದು. ಆದರೆ ಟ್ರಾಯ್ ಸೀಮೆಯಲ್ಲಿ ಈ ಹೆಸರು ಓಡಾಡುತ್ತಿತ್ತು ಅನ್ನುವುದಂತೂ ಗಟ್ಟಿ.

ಆಮೇಲಿನ ಗ್ರೀಕರು ಪ್ಯಾರಿಸ್‌ಗೆ ಈ ಹೆಸರು ಹೇಗೆ ಬಂತು ಎಂದು ಒಂದು ಕಥೆಯನ್ನೂ ಹೇಳುತ್ತಿದ್ದರು. ಅವನು ದನಕುರಿ ಕಾಯುವವರ ನಡುವೆ ಬೆಳೆದ. ಕಳ್ಳರು ಬಂದಾಗ ಅವರನ್ನು ಓಡಿಸಿ ಮಂದೆಯನ್ನು ಉಳಿಸಿದ. ಅದಕ್ಕೆ ಆ ಹೆಸರಂತೆ. ಗಮನಿಸಿ, ಇಲ್ಲಿ ಇನ್ನೂ ಬೇರಿನ ಅರ್ಥ ಜೀವಂತವಾಗಿದೆ. ತಡೆಯುವುದು, ಕಾಪಾಡುವುದು. ಭಾಷೆ ಗೊತ್ತಿದ್ದವರಿಗೆ ಹೆಸರು ಕೇಳಿದ ಕೂಡಲೇ ಅರ್ಥವೂ ಕೇಳಿಸುತ್ತಿತ್ತು.

ರಾಜ ಬಂದ, ಅರ್ಥ ಹಿಂದೆ ಸರಿಯಿತು

ಮೂರನೇ ಅಲೆಕ್ಸಾಂಡರ್ ಹುಟ್ಟಿದ್ದು ಕ್ರಿಸ್ತಪೂರ್ವ 356ರಲ್ಲಿ, ಸತ್ತದ್ದು 323ರಲ್ಲಿ. ಬದುಕಿದ್ದು 33 ವರ್ಷವೂ ಪೂರ್ತಿ ಆಗಲಿಲ್ಲ. ಅಷ್ಟರಲ್ಲಿ ಗ್ರೀಸಿನಿಂದ ಪಂಜಾಬಿನವರೆಗೆ ಬಂದ. 331ರಲ್ಲಿ ಈಜಿಪ್ಟಿನ ಕಡಲತೀರದಲ್ಲಿ ತನ್ನ ಹೆಸರಿನ ಊರು ಕಟ್ಟಿಸಿದ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೋರಸ್ ರಾಜನೊಡನೆ ಕಾದಾಡಿದ. ಇದೆಲ್ಲ ಶಾಲೆಯಲ್ಲಿ ಓದಿದ್ದೇ, ಹೆಚ್ಚು ಹೇಳುವುದು ಬೇಡ.

ಹೆಸರಿಗೆ ಆದದ್ದು ಮುಖ್ಯ. ಗ್ರೀಕ್ ಬಾರದ ನಾಡುಗಳಿಗೆ ಅಲೆಕ್ಸೋ ಎಂಬ ಕ್ರಿಯಾಪದ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಆ ಹೆಸರಿನ ಮನುಷ್ಯ. ಆದ್ದರಿಂದ ಗಡಿ ದಾಟಿದ ಕೂಡಲೇ ಹೆಸರಿನ ಅರ್ಥ ಕಾಪಾಡುವವನು ಎಂದು ಉಳಿಯಲಿಲ್ಲ. ಆ ರಾಜನ ಬಗ್ಗೆ ಆಯಾ ನಾಡಿನವರು ಏನು ನೆನಪಿಟ್ಟುಕೊಂಡರೋ ಅದೇ ಅರ್ಥವಾಯಿತು. ಕೆಲವರಿಗೆ ವೀರ, ಕೆಲವರಿಗೆ ಜ್ಞಾನಿ, ಕೆಲವರಿಗೆ ಹಾಳುಮಾಡಿದವನು.

ಅಶೋಕನ ಬಂಡೆಯ ಮೇಲೆ

ನಮ್ಮ ದೇಶದಲ್ಲಿ ಈ ಹೆಸರು ಕಲ್ಲಿನ ಮೇಲೆ ಕಾಣುವುದು ಅಶೋಕನ 13ನೇ ಬಂಡೆ ಶಾಸನದಲ್ಲಿ. ಕಳಿಂಗ ಯುದ್ಧದ ಬಗ್ಗೆ ಅವನು ದುಃಖಪಡುವ ಶಾಸನ ಅದು. ಧರ್ಮದ ಮಾತು ದೂರದ ಯವನ ರಾಜರ ನಾಡಿಗೂ ಮುಟ್ಟಿದೆ ಎಂದು ಹೇಳುತ್ತಾ ಐವರು ರಾಜರನ್ನು ಹೆಸರಿಸುತ್ತಾನೆ. ಅವರಲ್ಲಿ ಕೊನೆಯವನು ಅಲಿಕಸುಂದರ. ಇವನು ಮಾಸಿಡೋನಿಯಾದ ಅಲೆಕ್ಸಾಂಡರ್ ಅಲ್ಲ, ಅವನು ತೀರಿಕೊಂಡು ಆಗಲೇ ಹಲವು ದಶಕ ಕಳೆದಿತ್ತು. ಇವನು ಎಪೈರಸ್ ಇಲ್ಲವೇ ಕೊರಿಂತ್ ಆಳುತ್ತಿದ್ದ ಅದೇ ಹೆಸರಿನ ಇನ್ನೊಬ್ಬ ದೊರೆ.

ಈ ಶಾಸನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದೇ ಶಾಸನವನ್ನು ಬೇರೆ ಬೇರೆ ಸೀಮೆಯಲ್ಲಿ ಆಯಾ ಸೀಮೆಯ ಮಾತಿಗೆ ಹೊಂದಿಸಿ ಕೆತ್ತಿಸಿದರು. ಈಗ ಪಾಕಿಸ್ತಾನದಲ್ಲಿರುವ ಶಾಬಾಜ್‌ಗಢಿಯ ಬಂಡೆಯಲ್ಲಿ ಹೆಸರು ಅಲಿಕಸುದರೋ ಎಂದಿದೆ. ಡೆಹರಾಡೂನ್ ಬಳಿಯ ಕಾಲ್ಸಿಯಲ್ಲಿ ಅದೇ ಹೆಸರು ಅಲಿಕ್ಯಸುದಲೆ ಎಂದಾಗಿದೆ. ರಕಾರ ಲಕಾರವಾಗಿದೆ, ನೋಡಿ. ಕಾಲ್ಸಿಯ ಬಂಡೆಯಲ್ಲಿ ರಾಜ ಎಂಬ ಮಾತು ಕೂಡ ಲಾಜಾ ಎಂದೇ ಇದೆ. ಕೆತ್ತಿದವರಿಂದ ಆದ ತಪ್ಪಲ್ಲ ಅದು, ಆ ಮಾತಿನ ರೀತಿಯೇ ಹಾಗೆ. ಪರದೇಶದ ಹೆಸರು ಬಂದರೂ ಮಾತಿನ ನಿಯಮಕ್ಕೆ ವಿನಾಯಿತಿ ಕೊಡಲಿಲ್ಲ.

ಪಾಲಿ ಭಾಷೆಯಲ್ಲಿ ಇನ್ನೊಂದು ರೂಪ ಸಿಗುತ್ತದೆ. ಗ್ರೀಕ್ ದೊರೆ ಮಿಲಿಂದ ಮತ್ತು ಬೌದ್ಧ ಭಿಕ್ಷು ನಾಗಸೇನರ ನಡುವಿನ ಪ್ರಶ್ನೋತ್ತರದಲ್ಲಿ, ತಾನು ಹುಟ್ಟಿದ್ದು ಅಲಸಂದ ಎಂಬಲ್ಲಿ ಎಂದು ಮಿಲಿಂದ ಹೇಳುತ್ತಾನೆ. ಅಲಸಂದ ಅಂದರೆ ಅಲೆಕ್ಸಾಂಡ್ರಿಯಾ. ಆ ಹೆಸರಿನ ಊರುಗಳನ್ನು ಅಲೆಕ್ಸಾಂಡರ್ ಹೋದಲ್ಲೆಲ್ಲ ಸ್ಥಾಪಿಸಿದ್ದ.

‘ಅಲ್’ ಎಲ್ಲಿ ಹೋಯಿತು?

ಅಲೆಕ್ಸಾಂಡರ್ ಹೇಗೆ ಸಿಕಂದರ್ ಆದ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಮೂರು ಹೆಜ್ಜೆಯಲ್ಲಿದೆ.

ಮೊದಲ ಹೆಜ್ಜೆ ಅರಬ್ಬಿಯಲ್ಲಿ ಆಯಿತು. ಅರಬ್ಬಿಯಲ್ಲಿ ನಾಮಪದಗಳ ಮುಂದೆ ಅಲ್ ಎಂಬ ಒಂದು ಪುಟ್ಟ ಮಾತು ಸೇರಿಸುವ ಪದ್ಧತಿ ಇದೆ. ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಕನ್ನಡದಲ್ಲಿ ಇಂಥದ್ದು ಇಲ್ಲ. ಅಲ್ ಖುರಾನ್ ಎನ್ನುವಲ್ಲಿ ಖುರಾನ್ ಮಾತ್ರ ನಿಜವಾದ ಪದ. ಅರಬ್ಬಿ ಮಾತನಾಡುವವರ ಕಿವಿಗೆ ಅಲೆಕ್ಸಾಂಡರ್ ಎಂಬ ಹೆಸರು ಬಿದ್ದಾಗ ಮೊದಲಿನ ಅಲ್ ಅದೇ ಪುಟ್ಟ ಮಾತು ಅನ್ನಿಸಿತು. ಹಾಗಾದರೆ ಹೆಸರು ಅದರ ಮುಂದಿನದ್ದು ತಾನೇ? ಅಲ್ ಬೇರೆ, ಹೆಸರು ಬೇರೆ ಎಂದು ತುಂಡಾಯಿತು. ಅಲ್ ಇಸ್ಕಂದರ್ ಎಂದು ಹೇಳಬಹುದು, ಸುಮ್ನೆ ಇಸ್ಕಂದರ್ ಎಂದೂ ಹೇಳಬಹುದು. ಅಲೆಕ್ಸಾಂಡ್ರಿಯಾ ನಗರಕ್ಕೆ ಅರಬ್ಬಿಯಲ್ಲಿ ಇವತ್ತಿಗೂ ಅಲ್ ಇಸ್ಕಂದರಿಯಾ ಎಂದೇ ಹೆಸರು.

ಎರಡನೇ ಹೆಜ್ಜೆ ಕ್ಸ ಎಂಬುದು ಸ್ಕ ಆದದ್ದು. ಅಕ್ಕಪಕ್ಕದ ಎರಡು ಸದ್ದುಗಳು ಜಾಗ ಬದಲಿಸುವುದು ಎಲ್ಲ ಭಾಷೆಗಳಲ್ಲೂ ಇದೆ. ರಿಸ್ಕ್ ಅನ್ನುವ ಬದಲು ರಿಕ್ಸ್ ಅನ್ನುವುದನ್ನು, ಡೆಸ್ಕ್ ಅನ್ನುವ ಬದಲು ಡೆಕ್ಸ್ ಅನ್ನುವುದನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಅದೇ ಇಲ್ಲಿ ತಿರುಗುಮುರುಗಾಗಿ ನಡೆದಿದೆ.

ಮೂರನೇ ಹೆಜ್ಜೆ ಪಾರಸಿಯಲ್ಲಿ. ಅಲ್ಲಿ ಇಸ್ಕಂದರ್ ರೂಪದ ಜೊತೆಗೆ ಮೊದಲ ಸ್ವರ ಬಿಟ್ಟ ಸಿಕಂದರ್ ರೂಪವೂ ಬಳಕೆಗೆ ಬಂತು. ಭಾರತಕ್ಕೆ ಈ ಹೆಸರು ಎರಡನೇ ಸಲ ಬಂದದ್ದು ಪಾರಸಿಯ ಮೂಲಕ. ಹಾಗಾಗಿ ನಮಗೆ ದಕ್ಕಿದ್ದು ಸಿಕಂದರ್. ಅರಬ್ಬರ ವ್ಯಾಪಾರ, ಧರ್ಮ ಹೋದ ಬೇರೆ ಕಡೆಗಳಲ್ಲಿ ಇಸ್ಕಂದರ್ ಉಳಿಯಿತು. ಟರ್ಕಿಯಲ್ಲಿ ಇಸ್ಕೆಂದರ್, ಮಲಯ ಮತ್ತು ಇಂಡೋನೇಷ್ಯಾದಲ್ಲಿ ಇಸ್ಕಂದರ್. ಇಥಿಯೋಪಿಯಾದಲ್ಲಿ 1478ರಿಂದ 1494ರವರೆಗೆ ಆಳಿದ ಕ್ರೈಸ್ತ ಚಕ್ರವರ್ತಿಯ ಹೆಸರೂ ಎಸ್ಕೆಂದರ್.

ಶಾಪ ಹೊತ್ತವನು ಸ್ವಂತ ರಾಜಕುಮಾರನಾದ

ಹೆಸರಿನ ಬಳಕೆಯ ಅರ್ಥ ಎಷ್ಟು ಬದಲಾಗಬಹುದು ಎಂದು ತಿಳಿಯಬೇಕಾದರೆ ಇರಾನನ್ನು ನೋಡಬೇಕು.

ಅಲೆಕ್ಸಾಂಡರನ ಸೇನೆ ಕ್ರಿಸ್ತಪೂರ್ವ 330ರಲ್ಲಿ ಪರ್ಸಿಪೊಲಿಸ್ ಅರಮನೆಯನ್ನು ಸುಟ್ಟುಹಾಕಿತು. ಆ ನೋವು ಜರತುಷ್ಟ್ರ ಧರ್ಮದವರ ನೆನಪಿನಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಅವರ ಪಹ್ಲವಿ ಭಾಷೆಯ ಬರಹಗಳಲ್ಲಿ ಈ ಹೆಸರಿನ ಜೊತೆಗೆ ಶಾಪಗ್ರಸ್ತ ಎಂಬ ವಿಶೇಷಣ ಅಂಟಿಕೊಂಡೇ ಬರುತ್ತದೆ. ಪವಿತ್ರ ಗ್ರಂಥಗಳನ್ನು ಸುಟ್ಟವನು ಎಂದು ಅವನನ್ನು ಬೈಯುತ್ತಾರೆ.

ಈಗ ಇನ್ನೊಂದು ಮುಖ. ಸುಮಾರು 1010ರಲ್ಲಿ ಫಿರ್ದೌಸಿ ತನ್ನ ಶಾಹನಾಮೆಯನ್ನು ಮುಗಿಸಿದ. ಇರಾನಿನ ರಾಜರ ದೊಡ್ಡ ಕಥೆ ಅದು. ಅದರಲ್ಲಿ ಸಿಕಂದರ್ ಹೊರಗಿನವನೇ ಅಲ್ಲ! ಇರಾನಿನ ರಾಜ ದಾರಾಬ್ ಗ್ರೀಕ್ ರಾಜಕುಮಾರಿಯನ್ನು ಮದುವೆಯಾಗಿದ್ದ. ಅವಳ ಮಗ ಸಿಕಂದರ್. ಅವನು ಸೋಲಿಸಿದ ಇರಾನಿನ ರಾಜ ದಾರಾ ಅವನಿಗೆ ಮಲತಾಯಿಯ ಮಗ. ಅಂದರೆ ಸೋಲಿಸಿದವನೂ ನಮ್ಮವನೇ, ಸೋತವನೂ ನಮ್ಮವನೇ. ಸೋತ ನೋವನ್ನು ಒಂದು ನಾಡು ಎಷ್ಟು ಜಾಣತನದಿಂದ ಅರಗಿಸಿಕೊಂಡಿದೆ ಎಂದು ಇದನ್ನು ಓದುವಾಗಲೆಲ್ಲ ನನಗೆ ಬೆರಗಾಗುತ್ತದೆ. ಒಂದೇ ನಾಡಿನಲ್ಲಿ ಒಂದೇ ಹೆಸರು ಬೈಗುಳವೂ ಆಯಿತು, ಹೆಮ್ಮೆಯೂ ಆಯಿತು.

ಈ ಬದಲಾವಣೆಗೆ ದಾರಿ ಮಾಡಿದ್ದು ಒಂದು ಕಥಾಗುಚ್ಛ. ಅಲೆಕ್ಸಾಂಡರನ ಸಾಹಸಗಳ ಬಗ್ಗೆ ಗ್ರೀಕಿನಲ್ಲಿ ಹುಟ್ಟಿದ ಕಥೆಗಳು ಲ್ಯಾಟಿನ್, ಅರ್ಮೇನಿಯನ್, ಸಿರಿಯಾಕ್ ಭಾಷೆಗಳಿಗೆ ಹೋದವು. ಅಲ್ಲಿಂದ ಅರಬ್ಬಿ, ಪಾರಸಿ, ಇಥಿಯೋಪಿಯಾದ ಭಾಷೆಗಳಿಗೂ ಇಳಿದವು. ಒಂದು ಕಡೆ ಅವನು ಅಮೃತದ ಚಿಲುಮೆ ಹುಡುಕುತ್ತಾ ಹೋಗುತ್ತಾನೆ. ಇನ್ನೊಂದು ಕಡೆ ಗಾಜಿನ ಪಾತ್ರೆಯಲ್ಲಿ ಕೂತು ಕಡಲಿನ ತಳ ನೋಡುತ್ತಾನೆ. ಇತಿಹಾಸದ ರಾಜನಿಗಿಂತ ಈ ಕಥೆಯ ರಾಜನೇ ಹೆಚ್ಚು ದೂರ ಹೋದ.

ಖುರಾನಿನ 18ನೇ ಅಧ್ಯಾಯದಲ್ಲಿ ಜುಲ್‌ಕರ್ನೈನ್ ಎಂಬ ಧರ್ಮವಂತ ದೊರೆಯ ಪ್ರಸ್ತಾಪ ಇದೆ. ಆ ಮಾತಿಗೆ ಎರಡು ಕೊಂಬಿನವನು ಎಂದು ಅರ್ಥ. ಹಲವು ವ್ಯಾಖ್ಯಾನಕಾರರು ಇವನನ್ನು ಅಲೆಕ್ಸಾಂಡರ್ ಎಂದೇ ಗುರುತಿಸಿದರು, ಒಪ್ಪದವರೂ ಇದ್ದಾರೆ. ಕೊಂಬಿನ ವಿಷಯಕ್ಕೆ ಬಂದರೆ, ಅಲೆಕ್ಸಾಂಡರನ ಸೇನಾನಿಗಳಲ್ಲಿ ಒಬ್ಬನಾದ ಲೈಸಿಮಾಕಸ್ ಮುಂದೆ ಹೊರಡಿಸಿದ ಬೆಳ್ಳಿ ನಾಣ್ಯಗಳು ಇವತ್ತಿಗೂ ಇವೆ. ಅವುಗಳ ಮೇಲಿನ ಅಲೆಕ್ಸಾಂಡರನ ಮುಖದಲ್ಲಿ ಕಿವಿಯ ಸುತ್ತ ಟಗರಿನ ಕೊಂಬು ಸುರುಳಿಯಾಗಿ ಬಾಗಿದೆ. ಅದು ಈಜಿಪ್ಟಿನ ಆಮೋನ್ ದೇವರ ಗುರುತು.

ಹೆಸರು ಬಿರುದಾಯಿತು

ಇಷ್ಟೆಲ್ಲ ಕಥೆ ಬೆನ್ನಿಗಿದ್ದ ಹೆಸರನ್ನು ರಾಜರು ಬಿಡುತ್ತಾರೆಯೇ? ದೆಹಲಿಯ ಅಲಾವುದ್ದೀನ್ ಖಿಲ್ಜಿ ತನ್ನ ನಾಣ್ಯಗಳ ಮೇಲೆ ಎರಡನೇ ಸಿಕಂದರ್ ಎಂದು ಹಾಕಿಸಿಕೊಂಡ. ಲೋದಿ ವಂಶದ ನಿಜಾಮ್ ಖಾನ್ 1489ರಲ್ಲಿ ಪಟ್ಟಕ್ಕೆ ಬಂದಾಗ ಸಿಕಂದರ್ ಎಂಬ ಹೆಸರು ತೆಗೆದುಕೊಂಡ. ನಾವು ಅವನನ್ನು ಸಿಕಂದರ್ ಲೋದಿ ಎಂದೇ ಓದಿದ್ದೇವೆ. ಬಂಗಾಳದಲ್ಲಿ, ಕಾಶ್ಮೀರದಲ್ಲಿ ಕೂಡ ಸಿಕಂದರ್ ಹೆಸರಿನ ಸುಲ್ತಾನರು ಆಳಿದರು.

ದಕ್ಷಿಣದ ಉದಾಹರಣೆ ಸ್ವಲ್ಪ ಬೇಸರದ್ದು. ಬಿಜಾಪುರದ ಆದಿಲ್ ಶಾಹಿಗಳಲ್ಲಿ ಕೊನೆಯವನ ಹೆಸರು ಸಿಕಂದರ್ ಆದಿಲ್ ಶಾಹ. 1672ರಲ್ಲಿ ಪಟ್ಟಕ್ಕೆ ಕೂರಿಸಿದಾಗ ಅವನು ಪುಟ್ಟ ಮಗು. ಆಡಳಿತವೆಲ್ಲ ಬೇರೆಯವರ ಕೈಯಲ್ಲಿತ್ತು. 1686ರಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸುವುದರೊಂದಿಗೆ ಆ ರಾಜ್ಯವೇ ಮುಗಿಯಿತು. ಜಗತ್ತು ಗೆದ್ದವನ ಹೆಸರು ಹೊತ್ತ ಹುಡುಗನಿಗೆ ಸಿಕ್ಕಿದ್ದು ಸೆರೆವಾಸ. ಇನ್ನು ಸಿಕಂದರಾಬಾದಿನ ಹೆಸರು ನೇರವಾಗಿ ಗ್ರೀಕ್ ರಾಜನಿಂದ ಬಂದದ್ದಲ್ಲ. 1803ರಿಂದ 1829ರವರೆಗೆ ಆಳಿದ ಹೈದರಾಬಾದಿನ ನಿಜಾಮ ಸಿಕಂದರ್ ಜಾಹನ ಹೆಸರು ಅದು.

ಪೂರ್ವಕ್ಕೆ ಹೋದರೆ, ಮಲಾಕಾದ ಸುಲ್ತಾನರು ತಮ್ಮನ್ನು ಇಸ್ಕಂದರ್ ಜುಲ್‌ಕರ್ನೈನನ ವಂಶದವರು ಎಂದು ಹೇಳಿಕೊಂಡರು. ಸುಮಾತ್ರಾ ದ್ವೀಪದ ಅಚೆ (Aceh) ಎಂಬ ಸೀಮೆಯಲ್ಲಿ 1607ರಿಂದ 1636ರವರೆಗೆ ಆಳಿದ ಸುಲ್ತಾನನ ಹೆಸರು ಇಸ್ಕಂದರ್ ಮುಡಾ. ಅದಕ್ಕೆ ಎಳೆಯ ಅಲೆಕ್ಸಾಂಡರ್ ಎಂದು ಅರ್ಥ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಈಗ ಅವನದೇ ಹೆಸರು.

ಆದರೆ ಈ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಕಾಣುವುದು ಅಲ್ಬೇನಿಯಾದ ಕಥೆ. ಅಲ್ಲಿನ ರಾಷ್ಟ್ರವೀರ ಜೆರ್ಜ್ ಕಾಸ್ತ್ರಿಯೋತಿ. ಹುಡುಗನಾಗಿದ್ದಾಗ ಅವನನ್ನು ಒತ್ತೆಯಾಳಾಗಿ ಒಟ್ಟೋಮನ್ ಸುಲ್ತಾನನ ಆಸ್ಥಾನಕ್ಕೆ ಒಯ್ದರು. ಅಲ್ಲಿ ಅವನಿಗೆ ಸಿಕ್ಕ ಹೆಸರು ಇಸ್ಕೆಂದರ್, ಜೊತೆಗೆ ಬೇ ಎಂಬ ಪದವಿ. 1443ರಲ್ಲಿ ಅವನು ಒಟ್ಟೋಮನ್ ಸೇನೆ ಬಿಟ್ಟು ಊರಿಗೆ ಓಡಿಬಂದ. 1468ರಲ್ಲಿ ಸಾಯುವವರೆಗೂ ಅದೇ ಸುಲ್ತಾನರ ಮೇಲೆ ಯುದ್ಧ ಮಾಡಿದ. ಆದರೂ ಶತ್ರುಗಳು ಕೊಟ್ಟ ಹೆಸರೇ ಉಳಿಯಿತು. ಇಸ್ಕೆಂದರ್ ಬೇ ಹೋಗಿ ಸ್ಕಂದರ್‌ಬೆಗ್ ಆಯಿತು. ರಾಜಧಾನಿ ತಿರಾನಾದ ದೊಡ್ಡ ಚೌಕಕ್ಕೆ ಇವತ್ತು ಆ ಹೆಸರಿದೆ. ಗ್ರೀಸಿನ ಪಕ್ಕದ ನಾಡಿಗೆ ಗ್ರೀಕ್ ಹೆಸರು ಅರಬ್ಬಿ, ಟರ್ಕಿಶ್ ಎಲ್ಲ ಸುತ್ತಿಕೊಂಡು ಹೋಗಿ ಸೇರಿತು.

ಯುರೋಪಿನ ದಾರಿ: ಸಂತರು, ಜಾರ್ ದೊರೆಗಳು, ನಾಮಕರಣ

ಯುರೋಪಿನಲ್ಲಿ ಈ ಹೆಸರು ಹಬ್ಬಿದ್ದಕ್ಕೆ ಪುರಾತನ ರಾಜ ಒಬ್ಬನೇ ಕಾರಣನಲ್ಲ. ಈ ಹೆಸರಿನ ಕ್ರೈಸ್ತ ಸಂತರಿದ್ದರು, ಪೋಪ್‌ಗಳಿದ್ದರು. ಮಕ್ಕಳಿಗೆ ಸಂತರ ಹೆಸರಿಡುವುದು ಅಲ್ಲಿನ ಪದ್ಧತಿ.

ಸ್ಕಾಟ್ಲೆಂಡಿನಲ್ಲಿ ಮೊದಲನೇ ಅಲೆಕ್ಸಾಂಡರ್ 1107ರಲ್ಲಿ ರಾಜನಾದ. 13ನೇ ಶತಮಾನದಲ್ಲಿ ಅದೇ ಹೆಸರಿನ ಇನ್ನಿಬ್ಬರು ರಾಜರು ಬಂದರು. ಮೂವರು ರಾಜರ ಹೆಸರು ಅಂದಮೇಲೆ ಪ್ರಜೆಗಳ ಮನೆಗಳಿಗೂ ಇಳಿಯಿತು. ಅಲ್ಲಿನ ಗೇಲಿಕ್ ಭಾಷೆ ಅದನ್ನು ಅಲಸ್ಡೇರ್ ಎಂದು ಮೃದು ಮಾಡಿಕೊಂಡಿತು. ಇಂಗ್ಲಿಷ್ ಬರವಣಿಗೆಯಲ್ಲಿ ಅದು ಅಲಸ್ಟೇರ್, ಅಲಿಸ್ಟೇರ್ ಎಂದೆಲ್ಲ ಆಯಿತು.

ರಷ್ಯಾದಲ್ಲಿ 1240ರಲ್ಲಿ ನೇವಾ ನದಿಯ ಬಳಿ ಸ್ವೀಡನ್ ಸೇನೆಯನ್ನು ಸೋಲಿಸಿದ ಅಲೆಕ್ಸಾಂಡರ್ ನೆವ್‌ಸ್ಕಿಯನ್ನು 1547ರಲ್ಲಿ ಸಂತನೆಂದು ಸಾರಿದರು. ರಾಣಿ ಎರಡನೇ ಕ್ಯಾಥರೀನ್ 1777ರಲ್ಲಿ ಹುಟ್ಟಿದ ಮೊಮ್ಮಗನಿಗೆ ಆ ಸಂತನ ಹೆಸರಿಟ್ಟಳು. ಆ ಮಗುವೇ ಮುಂದೆ ನೆಪೋಲಿಯನ್ನನನ್ನು ಹಿಮ್ಮೆಟ್ಟಿಸಿದ ಮೊದಲನೇ ಅಲೆಕ್ಸಾಂಡರ್. 1819ರಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಒಂದು ಹೆಣ್ಣುಮಗುವಿನ ನಾಮಕರಣವಾಯಿತು. ಈ ರಷ್ಯನ್ ಚಕ್ರವರ್ತಿಯೇ ಅದಕ್ಕೆ ಧರ್ಮಪಿತ. ಅವನ ಗೌರವಕ್ಕೆ ಮಗುವಿನ ಮೊದಲ ಹೆಸರು ಅಲೆಕ್ಸಾಂಡ್ರಿನಾ ಎಂದಿಟ್ಟರು. ಮನೆಯಲ್ಲಿ ಡ್ರೀನಾ ಎಂದು ಕರೆಯುತ್ತಿದ್ದರು. ಎರಡನೇ ಹೆಸರು ವಿಕ್ಟೋರಿಯಾ. ಅವಳು ರಾಣಿಯಾದಾಗ ಎರಡನೆಯದನ್ನೇ ಉಳಿಸಿಕೊಂಡಳು. ಇಲ್ಲದಿದ್ದರೆ ಬ್ರಿಟಿಷರ ಕಾಲದ ಎಷ್ಟೋ ಕಟ್ಟಡಗಳಿಗೆ ಬೇರೆಯೇ ಹೆಸರಿರುತ್ತಿತ್ತು.

ಯಹೂದಿಗಳಲ್ಲೂ ಈ ಹೆಸರು ಬಹಳ ಹಳೆಯದು. ಗ್ರೀಕ್ ಮೂಲದ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಅವರ ನಡುವೆ ಒಂದು ಕಥೆ ಇದೆ. ಜೆರುಸಲೇಮಿಗೆ ಬಂದ ಅಲೆಕ್ಸಾಂಡರ್ ದೇವಾಲಯದಲ್ಲಿ ತನ್ನ ಪ್ರತಿಮೆ ಇಡಿ ಎಂದನಂತೆ. ಪ್ರತಿಮೆ ಇಡುವ ಹಾಗಿಲ್ಲ, ಅದರ ಬದಲು ಈ ವರ್ಷ ಪುರೋಹಿತರ ಮನೆಯಲ್ಲಿ ಹುಟ್ಟುವ ಗಂಡುಮಕ್ಕಳಿಗೆಲ್ಲ ನಿನ್ನ ಹೆಸರಿಡುತ್ತೇವೆ ಎಂದು ಹಿರಿಯ ಪುರೋಹಿತ ಹೇಳಿದನಂತೆ. ಯುರೋಪಿನ ಯಹೂದಿಗಳ ಯಿದ್ದಿಷ್ ಭಾಷೆಯಲ್ಲಿ ಇದು ಸೆಂಡರ್ ಎಂದಾಗಿದೆ.

ತಲೆ ಹಿಡಿದವರು, ಬಾಲ ಹಿಡಿದವರು

ಉದ್ದದ ಹೆಸರನ್ನು ಯಾರೂ ಮನೆಯಲ್ಲಿ ಪೂರ್ತಿ ಕರೆಯುವುದಿಲ್ಲ. ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲಿ ಮಾತ್ರ ಒಂದೊಂದು ಭಾಷೆಗೆ ಒಂದೊಂದು ರೂಢಿ.

ಮೊದಲ ಭಾಗ ಹಿಡಿದರೆ ಅಲೆಕ್ಸ್, ಅಲೆಕ್, ಗ್ರೀಕಿನ ಅಲೇಕೋಸ್, ಪೋಲಿಷ್‌ನ ಓಲೆಕ್. ಕೊನೆಯ ಭಾಗ ಹಿಡಿದರೆ ಡಚ್ಚರ ಸಾಂಡರ್, ಸ್ಕಾಟರ ಸ್ಯಾಂಡಿ, ಫಿನ್‌ಲೆಂಡಿನ ಸಾಂತೇರಿ. ಇಟಲಿಯಲ್ಲಿ ಕ್ಸ ಎಂಬುದು ಸ್ಸ ಆಗಿ ಅಲೆಸ್ಸಾಂದ್ರೋ ಆಯಿತು, ಅದರ ಬಾಲ ಸಾಂದ್ರೋ. ಚಿತ್ರಕಾರ ಸಾಂದ್ರೋ ಬಟಿಚೆಲ್ಲಿಯ ಪೂರ್ತಿ ಹೆಸರು ಅಲೆಸ್ಸಾಂದ್ರೋ. ವಿದ್ಯುತ್ತಿನ ವೋಲ್ಟ್ ಯಾರ ನೆನಪಿಗೆ ಇದೆಯೋ ಆ ವೋಲ್ಟಾನ ಹೆಸರೂ ಅದೇ. ಹಂಗೇರಿಯಲ್ಲಿ ಬಾಲವೇ ಪೂರ್ತಿ ಹೆಸರಾಗಿಬಿಟ್ಟಿದೆ: ಶಾಂಡೋರ್.

ಸಾಶಾ ಹೇಗೆ ಬಂತು ಎಂದು ತಲೆಕೆಡಿಸಿಕೊಳ್ಳುವವರು ಜಾಸ್ತಿ. ರಷ್ಯನ್ನರು ಮುದ್ದಿಗೆ ಶಾ ಎಂಬ ಬಾಲ ಸೇರಿಸುತ್ತಾರೆ. ಅಲೆಕ್ಸಾಂದ್ರ್ ಮೊದಲು ಅಲೆಕ್‌ಸಾಶಾ ಆಯಿತು. ಅದರ ಮೊದಲರ್ಧ ಉದುರಿ ಸಾಶಾ ಉಳಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಸಾಶಾಗೆ ಇನ್ನೊಂದು ಬಾಲ ಸೇರಿ ಸಾಶೂರಾ ಆಯಿತು, ಅದರ ತಲೆಯೂ ಉದುರಿ ಶೂರಾ ಆಯಿತು. ಅಲೆಕ್ಸಾಂಡರ್‌ಗೂ ಶೂರಾಗೂ ಒಂದು ಅಕ್ಷರದ ಹೋಲಿಕೆ ಹುಡುಕುವುದೂ ಕಷ್ಟ. ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಮಾತ್ರ ದಾರಿ ಕಾಣುತ್ತದೆ. ರಷ್ಯಾದಲ್ಲಿ ಈ ಮುದ್ದಿನ ಹೆಸರುಗಳು ಗಂಡಿಗೂ ಸರಿ, ಹೆಣ್ಣಿಗೂ ಸರಿ.

ಸ್ಪ್ಯಾನಿಷ್‌ನ ಅಲೆಹಾಂದ್ರೋದಲ್ಲಿ ಹಕಾರ ಬಂದದ್ದಕ್ಕೂ ಕಾರಣ ಇದೆ. ಹಿಂದೆ ಅದನ್ನು ಅಲೆಶಾಂದ್ರೋ ಎಂದು ಹೇಳುತ್ತಿದ್ದರು. 16, 17ನೇ ಶತಮಾನಗಳಲ್ಲಿ ಆ ಭಾಷೆಯ ಶಕಾರವೆಲ್ಲ ಗಂಟಲಿಗೆ ಇಳಿದು ಹಕಾರವಾಯಿತು. ಮೆಕ್ಸಿಕೋವನ್ನು ಅಲ್ಲಿಯವರು ಮೆಹಿಕೋ ಅನ್ನುವುದೂ ಇದೇ ಕಾರಣಕ್ಕೆ.

ಚೀನಾದಲ್ಲಿ ಆದದ್ದೇ ಬೇರೆ. ಅಲ್ಲಿ ಹೆಸರನ್ನು ಸದ್ದು ಹಿಡಿದು ಯಾಲಿಶಾನ್‌ದಾ ಎಂದು ಬರೆಯುತ್ತಾರೆ. ಬೇರೆ ಅಕ್ಷರಗಳಲ್ಲಿ ಬರೆದರೆ ಹೆಚ್ಚುಕಡಿಮೆ ಅದೇ ಸದ್ದಿಗೆ ‘ಬೆಟ್ಟದಷ್ಟು ಒತ್ತಡ’ ಎಂಬ ಅರ್ಥ ಬರುತ್ತದೆ. ಅಲ್ಲಿನ ಯುವಜನ ಕೆಲಸ, ಪರೀಕ್ಷೆಯ ಒತ್ತಡದ ಬಗ್ಗೆ ಹೇಳುವಾಗ ಈ ಹೆಸರನ್ನೇ ಬಳಸುತ್ತಾರೆ.

ಹಾಗಾದರೆ ಸಿಕಂದರ್ ಅಂದರೆ ಗೆದ್ದವನೇ?

ಬಳಕೆಯಲ್ಲಿ ಹೌದು. ಗೆದ್ದವನೇ ಸಿಕಂದರ್ ಎಂಬ ಮಾತು ಹಿಂದಿ, ಉರ್ದುವಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಅರ್ಥ ಬಂದದ್ದು ರಾಜನ ಬದುಕಿನಿಂದ, ಪದದ ಒಳಗಿನಿಂದ ಅಲ್ಲ. ಅರಬ್ಬಿಯಲ್ಲಾಗಲೀ ಪಾರಸಿಯಲ್ಲಾಗಲೀ ಗೆಲ್ಲು ಎಂಬ ಅರ್ಥದ ಸಿಕಂದ್ ಎಂಬ ಪದ ಇಲ್ಲ. ಪದದ ಒಳಗೆ ಇರುವುದು ಕಾಪಾಡುವುದೇ. ಮಗುವಿಗೆ ಈ ಹೆಸರಿಡುವವರು ಯಾವ ಅರ್ಥವನ್ನು ಬೇಕಾದರೂ ಹೇಳಿಕೊಳ್ಳಬಹುದು, ಎರಡಕ್ಕೂ ಆಧಾರ ಇದೆ. ಅರಬ್ಬಿ ಮೂಲದ ಹೆಸರು ಎಂದು ಮಾತ್ರ ಹೇಳಬಾರದು. ಅದು ಅರಬ್ಬಿ ದಾಟಿ ಬಂದ ಗ್ರೀಕ್ ಹೆಸರು.

ಹೋಲುವ ಹೆಸರುಗಳಲ್ಲಿ ಯಾವುದು ಒಂದೇ, ಯಾವುದು ಬೇರೆ ಅನ್ನುವ ಗೊಂದಲವೂ ಇರುತ್ತದೆ. ಅಲೆಕ್ಸಿಸ್, ಅಲೆಕ್ಸೇಯ್ ಎಂಬವು ಅಲೆಕ್ಸೋ ಕ್ರಿಯಾಪದದಿಂದ ಬಂದರೂ ಬೇರೆ ಹೆಸರುಗಳು. ಅವುಗಳಲ್ಲಿ ಗಂಡಸು ಎಂಬ ಎರಡನೇ ತುಂಡು ಇಲ್ಲ. ಸ್ಯಾಂಡರ್ಸ್, ಸಾಂಡರ್ಸನ್ ಎಂಬ ಮನೆತನದ ಹೆಸರುಗಳು ಅಲೆಕ್ಸಾಂಡರನ ಮಗ ಎಂಬ ಅರ್ಥದವು. ಗೇಲಿಕ್‌ನಲ್ಲಿ ಮಗನಿಗೆ ಮ್ಯಾಕ್. ಹಾಗಾಗಿ ಅಲಸ್ಡೇರನ ಮಗ ಮ್ಯಾಕ್ ಅಲಿಸ್ಟರ್.

2022ರಲ್ಲಿ ವಿಶ್ವಕಪ್ ಗೆದ್ದ ಅರ್ಜೆಂಟೀನಾ ಫುಟ್‌ಬಾಲ್ ತಂಡದಲ್ಲಿ ಒಬ್ಬ ಆಟಗಾರರಿದ್ದರು: ಅಲೆಕ್ಸಿಸ್ ಮ್ಯಾಕ್ ಅಲಿಸ್ಟರ್. ಈಗ ಅವರ ಹೆಸರನ್ನು ಬಿಡಿಸಿ ನೋಡಿ. ಮೊದಲ ಹೆಸರು ಗ್ರೀಕಿನಿಂದ ನೇರವಾಗಿ ಬಂದದ್ದು. ಮನೆತನದ ಹೆಸರು ಗೇಲಿಕ್ ಬಾಯಲ್ಲಿ ಸವೆದು, ಇಂಗ್ಲಿಷ್ ಕಾಗುಣಿತಕ್ಕೆ ಹೊಂದಿಕೊಂಡು, ವಲಸೆ ಹೋದವರ ಜೊತೆ ಹಡಗೇರಿ ದಕ್ಷಿಣ ಅಮೆರಿಕ ಸೇರಿದ್ದು. ಎರಡರೊಳಗೂ ಇರುವುದು ಕಾಪಾಡು ಎಂಬ ಅದೇ ಒಂದು ಕ್ರಿಯಾಪದ.